ಕೊಕ್ಕರೆ ಬೆಳ್ಳೂರಿನಲ್ಲಿ ಹಕ್ಕಿ ನೋಡುವ ನಡಿಗೆ: ಗುಂಪನ್ನು ಕರೆದೊಯ್ಯುವವರಿಗೆ ಸಮಗ್ರ ಮಾರ್ಗದರ್ಶಿ

ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು ಒಂದು ಸಾಧಾರಣ ಹಳ್ಳಿ. ಮನೆಗಳ ಮಗ್ಗುಲಲ್ಲಿ, ಹಿತ್ತಿಲುಗಳಲ್ಲಿ, ಬೀದಿಯ ತಿರುವುಗಳಲ್ಲಿ ಬೆಳೆದು ನಿಂತ ಹುಣಸೆ, ಅರಳಿ, ಆಲದ ಮರಗಳ ಮೇಲೆ ಪ್ರತಿವರ್ಷ ಹೆಜ್ಜಾರ್ಲೆಗಳೂ (ಕೊಕ್ಕಿನ ಕೆಳಗೆ ಚೀಲವಿರುವ ಪೆಲಿಕನ್ ಹಕ್ಕಿಗಳು) ಬಣ್ಣದ ಕೊಕ್ಕರೆಗಳೂ ಬಂದು ಗೂಡು ಕಟ್ಟುತ್ತವೆ, ಮರಿ ಮಾಡುತ್ತವೆ, ಮಳೆಗಾಲ ಹತ್ತಿರವಾದಾಗ ಮರಿಗಳೊಂದಿಗೆ ಹೊರಟುಹೋಗುತ್ತವೆ. ಊರಿನವರು ಈ ಹಕ್ಕಿಗಳನ್ನು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳೆಂದು ಕರೆಯುತ್ತಾರೆ. ಹಕ್ಕಿ ನೋಡುವ ಗುಂಪನ್ನು ಇಲ್ಲಿಗೆ ಕರೆತರುವವರು ಈ ಮಾತನ್ನು ಒಂದು ಚಂದದ ಹೇಳಿಕೆಯೆಂದು ಕೇಳಿ ಮರೆಯದೆ, ನಡಿಗೆಯ ನಿಯಮವೆಂದೇ ಸ್ವೀಕರಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಬಾಣಂತಿಯಿರುವ ಮನೆಗೆ ನಾವು ಹೇಗೆ ಹೋಗುತ್ತೇವೆ, ಎಷ್ಟು ಹೊತ್ತು ಕೂರುತ್ತೇವೆ, ಎಷ್ಟು ದನಿಯಲ್ಲಿ ಮಾತನಾಡುತ್ತೇವೆ ಎಂಬುದು ನಮ್ಮೆಲ್ಲರಿಗೂ ಗೊತ್ತಿದೆ. ಈ ಮಾರ್ಗದರ್ಶಿಯಲ್ಲಿರುವ ಬಹುಪಾಲು ಸೂಚನೆಗಳು ಆ ತಿಳಿವಳಿಕೆಯ ವಿಸ್ತರಣೆಯೇ ಆಗಿವೆ.

ಇದು ಕಾನೂನಿನ ಪ್ರಕಾರವೂ ಬೇರೆ ಬಗೆಯ ತಾಣ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2002ರಲ್ಲಿ ತಂದ ತಿದ್ದುಪಡಿಯು, ಖಾಸಗಿ ಅಥವಾ ಸಮುದಾಯದ ನೆಲದಲ್ಲಿಯೇ ವನ್ಯಜೀವಿಗಳನ್ನು ಕಾಪಾಡಲು ಸಮುದಾಯ ಮೀಸಲು ಪ್ರದೇಶವೆಂಬ ಹೊಸ ವರ್ಗವನ್ನು ಸೃಷ್ಟಿಸಿತು. ಕೊಕ್ಕರೆ ಬೆಳ್ಳೂರು 2007ರಲ್ಲಿ ಅಂಥ ಮೀಸಲು ಪ್ರದೇಶವಾಯಿತು. ಅದರ ವಿಸ್ತೀರ್ಣ ಸುಮಾರು 3.12 ಚದರ ಕಿಲೋಮೀಟರ್. ಅಂದರೆ ನೀವು ತಲೆಯೆತ್ತಿ ನೋಡುವ ಮರ ಒಬ್ಬ ರೈತನದು, ನೀವು ನಿಲ್ಲುವ ಜಾಗ ಒಂದು ಮನೆಯ ಅಂಗಳ. ರಂಗನತಿಟ್ಟಿನಲ್ಲಿ ದೋಣಿಯೇರಿ ಹಕ್ಕಿ ನೋಡುವವರಿಗೂ ಗೂಡುಗಳಿಗೂ ನಡುವೆ ಕಾವೇರಿಯ ನೀರಿರುತ್ತದೆ. ಇಲ್ಲಿ ಇರುವುದು ನಿಮ್ಮ ನಡತೆ ಮಾತ್ರ.

ಮೊದಲ ಹಂತ: ಕಾಲ ಮತ್ತು ಹೊತ್ತನ್ನು ಆರಿಸುವುದು

ಹೆಜ್ಜಾರ್ಲೆಗಳು ಚಳಿಗಾಲದ ಮೊದಲಲ್ಲಿ ಬರತೊಡಗುತ್ತವೆ, ಕೊಕ್ಕರೆಗಳು ಅವುಗಳ ಹಿಂದೆ ಬರುತ್ತವೆ, ಡಿಸೆಂಬರ್‌ನಿಂದ ಜೂನ್‌ವರೆಗೆ ಮರಗಳು ತುಂಬಿರುತ್ತವೆ. ಮೊದಲ ಬಾರಿಗೆ ಗುಂಪು ಕರೆತರುವವರು ಜನವರಿಯ ಕೊನೆಯಿಂದ ಮಾರ್ಚ್‌ವರೆಗಿನ ಯಾವುದಾದರೂ ಬೆಳಿಗ್ಗೆಯನ್ನು ಆರಿಸಿಕೊಳ್ಳುವುದು ಒಳ್ಳೆಯದು. ಆ ಹೊತ್ತಿಗೆ ಒಂದೇ ಮರದಲ್ಲಿ ಗೂಡು ಕಟ್ಟುತ್ತಿರುವ ಜೋಡಿ, ಕಾವು ಕೂತ ಹಕ್ಕಿ, ಬಿಳಿ ತುಪ್ಪುಳ ಹೊತ್ತ ಮರಿ ಎಲ್ಲವೂ ಕಾಣಸಿಗುವ ಸಾಧ್ಯತೆ ಹೆಚ್ಚು. ಏಪ್ರಿಲ್ ನಂತರ ಬಿಸಿಲು ತೀವ್ರವಾಗುತ್ತದೆ. ಆ ಬಿಸಿಲಿನಲ್ಲಿ ತಾಯಿ ಗೂಡು ಬಿಟ್ಟೆದ್ದರೆ ಮರಿಗೆ ಒದಗುವ ಅಪಾಯವೂ ಅಷ್ಟೇ ತೀವ್ರವಾಗಿರುತ್ತದೆ, ಆದ್ದರಿಂದ ಆ ತಿಂಗಳುಗಳಲ್ಲಿ ಅನುಭವವಿರುವ ಸಣ್ಣ ಗುಂಪುಗಳನ್ನಷ್ಟೇ ಒಯ್ಯಬೇಕು.

ಹೊತ್ತಿನ ವಿಷಯದಲ್ಲಿ ರಾಜಿ ಬೇಡ. ಬೆಳಿಗ್ಗೆ ಆರೂವರೆಗೆ ಊರಿನಲ್ಲಿ ನಿಂತಿರಬೇಕು, ಹತ್ತು ಗಂಟೆಗೆ ಮರಗಳ ಕೆಳಗಿಂದ ಹೊರಟಿರಬೇಕು. ಬೆಂಗಳೂರಿನಿಂದ ಸುಮಾರು 80 ಕಿಲೋಮೀಟರ್ ದೂರವಿರುವುದರಿಂದ ನಾಲ್ಕೂವರೆಗೆಲ್ಲ ಮನೆ ಬಿಡಬೇಕಾಗುತ್ತದೆ. ದಾರಿಯ ಬಗ್ಗೆ ಒಂದು ಎಚ್ಚರಿಕೆಯನ್ನೂ ಬಂದವರಿಗೆಲ್ಲ ಮೊದಲೇ ತಿಳಿಸಬೇಕು: ಇದೇ ಜಿಲ್ಲೆಯ ನಾಗಮಂಗಲ ತಾಲ್ಲೂಕಿನಲ್ಲಿ ಇನ್ನೊಂದು ಬೆಳ್ಳೂರಿದೆ. ಬರೀ ಬೆಳ್ಳೂರು ಎಂದು ವಿಳಾಸ ಕೊಟ್ಟರೆ ಅರ್ಧ ಗುಂಪು ಅಲ್ಲಿಗೆ ಹೋಗಿ ಇಳಿಯುವ ಸಂಭವವಿದೆ. ಕೊಕ್ಕರೆ ಬೆಳ್ಳೂರು, ಮದ್ದೂರು ತಾಲ್ಲೂಕು ಎಂದೇ ಬರೆಯಿರಿ.

ಎರಡನೆಯ ಹಂತ: ಮೊದಲು ಒಬ್ಬರೇ ಹೋಗಿ ಬರುವುದು

ಗುಂಪು ಕರೆದೊಯ್ಯುವ ಒಂದು ವಾರ ಮೊದಲು ಮುಂದಾಳು ಒಬ್ಬರೇ ಹೋಗಿ, ಅದೇ ಹೊತ್ತಿನಲ್ಲಿ, ಅದೇ ದಾರಿಯಲ್ಲಿ ನಡೆಯಬೇಕು. ಯಾವ ಮರದಲ್ಲಿ ಈ ವರ್ಷ ಗೂಡುಗಳಿವೆ, ಯಾವುದು ಖಾಲಿಯಿದೆ, ಯಾವ ಮರವನ್ನು ಬೀದಿಯ ಆಚೆ ಬದಿಯಿಂದಲೇ ಚೆನ್ನಾಗಿ ನೋಡಬಹುದು, ಬೆಳಗಿನ ಸೂರ್ಯ ಬೆನ್ನ ಹಿಂದೆ ಬರುವಂತೆ ಎಲ್ಲಿ ನಿಲ್ಲಬೇಕು ಎಂಬುದನ್ನು ಗುರುತು ಹಾಕಿಕೊಳ್ಳಬೇಕು. ಬೆಳಕು ಎದುರಿಗಿದ್ದರೆ ಕೊಕ್ಕರೆಯ ಬೆನ್ನಿನ ಗುಲಾಬಿ ಬಣ್ಣ ಕಾಣುವುದಿಲ್ಲ, ಹೆಜ್ಜಾರ್ಲೆಯ ಕೊಕ್ಕಿನ ಚುಕ್ಕೆಯೂ ಕಾಣುವುದಿಲ್ಲ, ಕಪ್ಪು ನೆರಳುಗಳನ್ನು ನೋಡಿ ಜನ ಹಿಂದಿರುಗಬೇಕಾಗುತ್ತದೆ.

ಇದಕ್ಕಿಂತ ಮುಖ್ಯವಾದ ಕೆಲಸ ಊರಿನವರೊಂದಿಗೆ ಮಾತನಾಡುವುದು. ನೀವು ನಿಲ್ಲಬೇಕೆಂದಿರುವ ಅಂಗಳದ ಯಜಮಾನರನ್ನು ಕಂಡು, ಎಷ್ಟು ಜನ ಬರುತ್ತೇವೆ, ಎಷ್ಟು ಹೊತ್ತು ನಿಲ್ಲುತ್ತೇವೆ ಎಂದು ತಿಳಿಸಿ ಒಪ್ಪಿಗೆ ಕೇಳಬೇಕು. ಅರಣ್ಯ ಇಲಾಖೆಯ ಸ್ಥಳೀಯ ಸಿಬ್ಬಂದಿಗೂ ತಿಳಿಸಬೇಕು. 1990ರ ದಶಕದಲ್ಲಿ ಮೈಸೂರಿನ ನಿಸರ್ಗಾಸಕ್ತರ ಒತ್ತಾಸೆಯಿಂದ ಊರಿನ ಯುವಕರು ಸೇರಿ ಹೆಜ್ಜಾರ್ಲೆ ಬಳಗವನ್ನು ಕಟ್ಟಿಕೊಂಡರು. ಗೂಡಿನಿಂದ ಬಿದ್ದ ಮರಿಗಳನ್ನು ಮೀನು ಹಾಕಿ ಸಾಕಿ ಬಿಟ್ಟವರು ಅವರು. ಹಕ್ಕಿಗಳ ದಿನಚರಿ ಬಲ್ಲ ಊರಿನವರೊಬ್ಬರನ್ನು ನಡಿಗೆಯ ಜೊತೆಗಾರರಾಗಿ ಬರಲು ಕೇಳಿಕೊಳ್ಳಿ, ಅವರ ಅರ್ಧ ದಿನದ ದುಡಿಮೆಗೆ ತಕ್ಕ ಹಣವನ್ನು ಗುಂಪಿನ ಖರ್ಚಿನಲ್ಲಿ ಮೊದಲೇ ಸೇರಿಸಿಕೊಳ್ಳಿ. ಪುಸ್ತಕ ಓದಿ ಬಂದ ಮುಂದಾಳಿಗಿಂತ, ಇದೇ ಮರದಡಿಯಲ್ಲಿ ಆಡಿ ಬೆಳೆದವರ ಮಾತಿಗೆ ಹೆಚ್ಚು ಜಾಗ ಬಿಡುವುದು ನ್ಯಾಯ.

ಮೂರನೆಯ ಹಂತ: ಗುಂಪು ಮತ್ತು ಮುನ್ಸೂಚನೆ

ಒಬ್ಬ ಮುಂದಾಳಿಗೆ ಹನ್ನೆರಡು ಜನ ಸಾಕು. ಅದಕ್ಕಿಂತ ಹೆಚ್ಚಾದರೆ ಹಿಂದಿನವರಿಗೆ ಮಾತು ಕೇಳಿಸುವುದಿಲ್ಲ, ಕೇಳಿಸಲೆಂದು ದನಿ ಏರಿಸಿದರೆ ಹಕ್ಕಿಗಳು ಕತ್ತೆತ್ತುತ್ತವೆ. ಗುಂಪಿನ ಕೊನೆಯಲ್ಲಿ ನಡೆಯಲು ಇನ್ನೊಬ್ಬ ಅನುಭವಿ ಇರಲೇಬೇಕು. ಮಕ್ಕಳು, ವಯಸ್ಸಾದವರು ಹಿಂದೆ ಉಳಿಯದಂತೆ ನೋಡಿಕೊಳ್ಳುವುದೂ, ದಾರಿ ಬಿಟ್ಟು ಮರದ ಬುಡಕ್ಕೆ ಹೋಗುವವರನ್ನು ಮೆಲ್ಲಗೆ ಕರೆಯುವುದೂ ಅವರ ಕೆಲಸ.

ಬರುವವರಿಗೆ ಕಳಿಸುವ ಸೂಚನೆಯಲ್ಲಿ ಉಡುಪಿನ ಬಗ್ಗೆ ಬರೆಯಬೇಕು: ಮಣ್ಣು, ಎಲೆಗಳ ಮಂಕು ಬಣ್ಣದ ಬಟ್ಟೆ, ಸದ್ದಾಗದ ಪಾದರಕ್ಷೆ, ಅಂಚಿರುವ ಟೋಪಿ. ಟೋಪಿ ಬಿಸಿಲಿಗಷ್ಟೇ ಅಲ್ಲ. ಮರದ ತುಂಬ ಗೂಡುಗಳಿರುವಾಗ ಕೆಳಗೆ ಹಿಕ್ಕೆ ಮಳೆಯಂತೆ ಬೀಳುತ್ತದೆ, ಅದಕ್ಕೆಂದು ಛತ್ರಿ ಬಿಚ್ಚುವಂತಿಲ್ಲ, ಏಕೆಂದರೆ ಒಮ್ಮೆಲೇ ಅರಳುವ ಛತ್ರಿಗೆ ಹಕ್ಕಿಗಳು ಬೆಚ್ಚುತ್ತವೆ. ವಾಸನೆಯ ಬಗ್ಗೆಯೂ ಮುಚ್ಚುಮರೆಯಿಲ್ಲದೆ ಬರೆಯಬೇಕು. ಮೀನು ತಿನ್ನುವ ನೂರಾರು ಹಕ್ಕಿಗಳು, ಅವುಗಳ ಹಿಕ್ಕೆ, ಗೂಡಿನಿಂದ ಬಿದ್ದ ಮೀನು ಎಲ್ಲ ಸೇರಿ ಹೊಸಬರಿಗೆ ತಡೆಯಲಾಗದ ನಾತವಾಗುತ್ತದೆ. ಆ ನಾತದ ನಡುವೆಯೇ ಅಡುಗೆ ಮಾಡಿ ಉಣ್ಣುವ ಮನೆಯವರ ಎದುರು ಮೂಗು ಮುಚ್ಚಿಕೊಳ್ಳುವುದು ಅವರಿಗೆ ಮಾಡುವ ಅವಮಾನ. ಮೊದಲೇ ತಿಳಿದು ಬಂದವರು ಸಾವರಿಸಿಕೊಂಡು ನಿಲ್ಲುತ್ತಾರೆ, ಹತ್ತು ನಿಮಿಷದಲ್ಲಿ ಮೂಗು ಒಗ್ಗಿಕೊಳ್ಳುತ್ತದೆ.

ನಾಲ್ಕನೆಯ ಹಂತ: ಊರ ಹೊರಗೆ ಬೈನಾಕ್ಯುಲರ್ ಪಾಠ

ಊರೊಳಗೆ ಕಾಲಿಡುವ ಮೊದಲು, ಗದ್ದೆಯ ಬದಿಯಲ್ಲಿ ವಾಹನ ನಿಲ್ಲಿಸಿ, ಕಾಲುಗಂಟೆಯನ್ನು ಬೈನಾಕ್ಯುಲರ್‌ಗೆ ಮೀಸಲಿಡಬೇಕು. ಇದನ್ನು ಬಿಟ್ಟರೆ ಗೂಡಿನ ಕೆಳಗೆ ನಿಂತು ಗಾಜು ಹೊಂದಿಸಿಕೊಳ್ಳುವ ಗೊಂದಲ ಶುರುವಾಗುತ್ತದೆ. 8×42 ಎಂಬ ಅಳತೆಯ ಬೈನಾಕ್ಯುಲರ್ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿರುತ್ತದೆ. ಮೊದಲ ಸಂಖ್ಯೆ ಅದು ಎಷ್ಟು ಪಟ್ಟು ಹಿಗ್ಗಿಸುತ್ತದೆ ಎಂಬುದನ್ನೂ, ಎರಡನೆಯದು ಮುಂದಿನ ಗಾಜಿನ ಅಗಲ ಎಷ್ಟು ಮಿಲಿಮೀಟರ್ ಎಂಬುದನ್ನೂ ಹೇಳುತ್ತದೆ. ಹನ್ನೆರಡು ಪಟ್ಟು ಹಿಗ್ಗಿಸುವುದನ್ನು ಕೊಂಡು ತಂದವರು ಕೈ ನಡುಗಿ ಏನನ್ನೂ ನೋಡಲಾಗದೆ ಬೇಸರಪಡುವುದನ್ನು ಹಲವು ಬಾರಿ ಕಂಡಿದ್ದೇನೆ.

ಹೊಂದಿಸುವ ಕ್ರಮ ಹೀಗಿದೆ. ಎರಡು ಕೊಳವೆಗಳನ್ನು ಮಡಿಸಿ ಬಿಡಿಸಿ, ಎರಡು ವೃತ್ತಗಳು ಒಂದೇ ವೃತ್ತವಾಗಿ ಕಾಣುವಂತೆ ಮಾಡಿಕೊಳ್ಳಬೇಕು. ಕನ್ನಡಕ ಹಾಕುವವರು ಕಣ್ಣಿನ ಬಳಿಯ ರಬ್ಬರ್ ಬಟ್ಟಲನ್ನು ಒಳಕ್ಕೆ ತಿರುಗಿಸಿಕೊಳ್ಳಬೇಕು, ಹಾಕದವರು ಹೊರಕ್ಕೆ. ಬಲಗಣ್ಣು ಮುಚ್ಚಿ, ದೂರದ ತೆಂಗಿನ ಗರಿಯೊಂದನ್ನು ಎಡಗಣ್ಣಿನಿಂದ ನೋಡುತ್ತ ನಡುವಿನ ಚಕ್ರವನ್ನು ತಿರುಗಿಸಿ ಗರಿ ಸ್ಫುಟವಾಗುವಂತೆ ಮಾಡಬೇಕು. ಆಮೇಲೆ ಎಡಗಣ್ಣು ಮುಚ್ಚಿ, ನಡುವಿನ ಚಕ್ರವನ್ನು ಮುಟ್ಟದೆ, ಬಲಗಣ್ಣಿನ ಗಾಜಿನ ಸುತ್ತ ಇರುವ ಬಳೆಯನ್ನಷ್ಟೇ ತಿರುಗಿಸಿ ಅದೇ ಗರಿಯನ್ನು ಸ್ಫುಟಗೊಳಿಸಬೇಕು. ಇನ್ನು ಇಡೀ ದಿನ ನಡುವಿನ ಚಕ್ರ ಮಾತ್ರ ಸಾಕು. ಹಕ್ಕಿಯನ್ನು ಹುಡುಕಲು ಬೈನಾಕ್ಯುಲರನ್ನು ಆಡಿಸಬಾರದು. ಬರಿಗಣ್ಣಿನಿಂದ ಹಕ್ಕಿಯನ್ನು ಕಂಡು, ಕಣ್ಣನ್ನು ಅದರಿಂದ ಕದಲಿಸದೆ, ಬೈನಾಕ್ಯುಲರನ್ನು ಕಣ್ಣಿನ ಬಳಿಗೆ ತರಬೇಕು. ಹತ್ತಿರದ ತಂತಿಯ ಮೇಲೆ ಕೂತ ಕಾಜಾಣ ಈ ಅಭ್ಯಾಸಕ್ಕೆ ಒಳ್ಳೆಯ ಗುರು, ಅದು ಹಾರಿದರೂ ಹುಳ ಹಿಡಿದು ಅದೇ ಜಾಗಕ್ಕೆ ಮರಳುವುದುಂಟು.

ಇಲ್ಲಿಯೇ ಮರದ ಗಡಿಯಾರವನ್ನೂ ಕಲಿಸಿಬಿಡಿ. ಮರದ ನೆತ್ತಿ ಹನ್ನೆರಡು ಗಂಟೆ, ಬಲಗಡೆಯ ತುದಿ ಮೂರು ಗಂಟೆ, ಎಡಗಡೆಯದು ಒಂಬತ್ತು. ಎರಡು ಗಂಟೆಯ ಕೊಂಬೆಯಲ್ಲಿ ಮರಿಗೆ ಉಣಿಸುತ್ತಿದೆ ಎಂದು ಪಿಸುದನಿಯಲ್ಲಿ ಹೇಳಿದರೆ ಸಾಕು, ತೋಳು ಚಾಚಿ ಬೆರಳು ತೋರಿಸುವ ಅಗತ್ಯ ಬೀಳುವುದಿಲ್ಲ. ಹಕ್ಕಿಗಳು ನಮ್ಮ ಮಾತಿಗಿಂತ ನಮ್ಮ ತೋಳುಗಳ ಚಲನೆಗೆ ಬೇಗ ಬೆದರುತ್ತವೆ.

ಐದನೆಯ ಹಂತ: ಮೊದಲ ಮರದ ಮುಂದೆ ಅರ್ಧ ಗಂಟೆ

ನಡಿಗೆಯ ತಿರುಳು ಇದೇ. ಊರಿನಲ್ಲಿ ಹತ್ತಾರು ಮರಗಳಿದ್ದರೂ, ಮೊದಲ ಮರದ ಮುಂದೆ ಕಡಿಮೆಯೆಂದರೆ ಅರ್ಧ ಗಂಟೆ ನಿಲ್ಲಿಸಬೇಕು. ಮೊದಲ ಐದು ನಿಮಿಷ ಯಾರೂ ಮಾತನಾಡಬಾರದು, ಮುಂದಾಳೂ ಸಹ. ಹೆಸರು ಹೇಳಬೇಡಿ, ಸಂಖ್ಯೆ ಹೇಳಬೇಡಿ. ಬಂದವರು ತಮ್ಮ ಕಣ್ಣಿನಿಂದ ಏನಾದರೂ ಕಂಡುಕೊಳ್ಳುವವರೆಗೆ ಕಾಯಿರಿ.

ಆಮೇಲೆ ಒಂದೇ ಗೂಡನ್ನು ಆರಿಸಿ ಎಲ್ಲರ ಕಣ್ಣನ್ನೂ ಅಲ್ಲಿಗೆ ಹರಿಸಿ. ಹೆಜ್ಜಾರ್ಲೆಯ ಗೂಡಾದರೆ, ತಾಯಿ ಅಥವಾ ತಂದೆ ಕೆರೆಯಿಂದ ಮರಳಿ ಬಂದಿಳಿಯುವ ಗಳಿಗೆಯನ್ನು ಕಾಯಬೇಕು. ಎರಡು ಮೀಟರಿಗೂ ಮಿಕ್ಕಿ ಹರಡುವ ರೆಕ್ಕೆಗಳ ಆ ಭಾರಿ ಹಕ್ಕಿ ಹುಣಸೆಯ ತುದಿಗೆ ಇಳಿಯುವಾಗ ಇಡೀ ಕೊಂಬೆ ತೂಗುತ್ತದೆ. ಮರಿಗಳು ಕೂಗುತ್ತ ಮುನ್ನುಗ್ಗುತ್ತವೆ. ದೊಡ್ಡ ಹಕ್ಕಿ ಬಾಯಿ ತೆರೆದು ಕೊಕ್ಕನ್ನು ತಗ್ಗಿಸಿದಾಗ, ಮರಿ ತನ್ನ ತಲೆಯನ್ನಷ್ಟೇ ಅಲ್ಲ, ಕುತ್ತಿಗೆಯವರೆಗೂ ಆ ಚೀಲದೊಳಗೆ ತೂರಿಸುತ್ತದೆ. ಹೊರಗಿನಿಂದ ನೋಡುವವರಿಗೆ ಚೀಲದ ತೆಳುವಾದ ಚರ್ಮದ ಹಿಂದೆ ಮರಿಯ ತಲೆ ಅತ್ತಿತ್ತ ಆಡುವುದು ಕಾಣುತ್ತದೆ. ಇದನ್ನು ಒಮ್ಮೆ ಕಂಡವರು ಆ ದಿನ ಬೇರೆ ಏನನ್ನೂ ನೋಡದಿದ್ದರೂ ತುಂಬಿದ ಮನಸ್ಸಿನಿಂದ ಮನೆಗೆ ಹೋಗುತ್ತಾರೆ. ಬಣ್ಣದ ಕೊಕ್ಕರೆ ಉಣಿಸುವ ರೀತಿಯೇ ಬೇರೆ: ಅದು ಹೊಟ್ಟೆಯಲ್ಲಿ ತಂದ ಮೀನನ್ನು ಗೂಡಿನ ತಳಕ್ಕೆ ಕಕ್ಕುತ್ತದೆ, ಮರಿಗಳು ಹೆಕ್ಕಿ ತಿನ್ನುತ್ತವೆ. ಬಿಸಿಲೇರಿದಾಗ ಅದೇ ಹಕ್ಕಿ ಸೂರ್ಯನಿಗೆ ಬೆನ್ನು ಕೊಟ್ಟು, ರೆಕ್ಕೆಗಳನ್ನು ಅರೆಬಿಚ್ಚಿ, ತನ್ನ ನೆರಳನ್ನು ಮರಿಗಳ ಮೇಲೆ ಹಾಸಿ ನಿಂತಿರುತ್ತದೆ. ಇದನ್ನು ನೋಡುವಾಗ, ನಮ್ಮ ಗದ್ದಲದಿಂದ ಆ ಹಕ್ಕಿ ಎದ್ದರೆ ಏನಾಗುತ್ತದೆಂದು ಬೇರೆಯಾಗಿ ವಿವರಿಸಬೇಕಾಗಿಲ್ಲ.

ಗುರುತಿಸುವ ಪಾಠ ಇದರ ನಂತರ ಬರಲಿ. ಹೆಜ್ಜಾರ್ಲೆಯ ಮೇಲ್ಗೊಕ್ಕಿನ ಅಂಚಿನುದ್ದಕ್ಕೂ ನೀಲಿಗಪ್ಪು ಚುಕ್ಕೆಗಳಿರುತ್ತವೆ, ಕೆಳಗೆ ಚೀಲ ಜೋಲುತ್ತದೆ. ಬಣ್ಣದ ಕೊಕ್ಕರೆಗೆ ಹಳದಿ ಕೊಕ್ಕು, ಗರಿಯಿಲ್ಲದ ಕಿತ್ತಳೆ ಬಣ್ಣದ ಮುಖ, ಎದೆಗೆ ಅಡ್ಡಲಾಗಿ ಕಪ್ಪು ಪಟ್ಟಿ, ಬಾಲದ ಮೇಲೆ ಇಳಿಬಿದ್ದ ಗುಲಾಬಿ ಗರಿಗಳು. ಎಳೆಯ ಕೊಕ್ಕರೆಗಳಲ್ಲಿ ಈ ಬಣ್ಣವಿಲ್ಲ, ಅವು ಮಂಕು ಕಂದು, ಬೂದು. ಹೊಸಬರು ಅವನ್ನು ಬೇರೆ ಜಾತಿಯೆಂದು ಬರೆದುಕೊಳ್ಳುವುದು ಸಾಮಾನ್ಯವಾದ್ದರಿಂದ ಒಂದೇ ಗೂಡಿನ ತಾಯಿ ಮತ್ತು ಬೆಳೆದ ಮರಿಯನ್ನು ಅಕ್ಕಪಕ್ಕ ತೋರಿಸಬೇಕು. ಹಾರುವಾಗಿನ ಗುರುತು ಇನ್ನೂ ಸುಲಭ: ಕೊಕ್ಕರೆ ಕುತ್ತಿಗೆ ಚಾಚಿ ಕಾಲು ಹಿಂದಕ್ಕೆ ನೀಡಿ ಹಾರುತ್ತದೆ, ಬಕ ಕುತ್ತಿಗೆ ಮಡಿಸಿ ಕಾಲು ನೀಡುತ್ತದೆ, ಹೆಜ್ಜಾರ್ಲೆ ತಲೆಯನ್ನು ಭುಜಗಳ ನಡುವೆ ಹುದುಗಿಸಿ ಹಾರುತ್ತದೆ, ಅದರ ಗಿಡ್ಡ ಕಾಲುಗಳು ಹೊರಗೆ ಕಾಣುವುದೇ ಇಲ್ಲ. ಕೊಕ್ಕರೆಗಳಿಗೆ ದೊಡ್ಡವಾದ ಮೇಲೆ ಕೂಗು ಹೆಚ್ಚುಕಡಿಮೆ ಇಲ್ಲವೆಂದೇ ಹೇಳಬೇಕು. ಗೂಡಿನ ಮೇಲೆ ಕೊಕ್ಕಿಗೆ ಕೊಕ್ಕು ಬಡಿದು ಕಟಕಟ ಸದ್ದು ಮಾಡುತ್ತವೆ. ಮರದ ತುಂಬ ಕೇಳುವ ಗಲಾಟೆಯೆಲ್ಲ ಹಸಿದ ಮರಿಗಳದು.

ಆರನೆಯ ಹಂತ: ಹಕ್ಕಿಯ ಅಸಮಾಧಾನವನ್ನು ಓದುವುದು

ಎಷ್ಟು ದೂರದಲ್ಲಿ ನಿಲ್ಲಬೇಕೆಂದು ಕೇಳಿದರೆ ಮೀಟರಿನ ಲೆಕ್ಕ ಕೊಡಲು ನಾನು ಇಷ್ಟಪಡುವುದಿಲ್ಲ. ಈ ಹಕ್ಕಿಗಳು ದಿನವೂ ಎತ್ತಿನಗಾಡಿ, ಟ್ರ್ಯಾಕ್ಟರು, ಶಾಲೆಗೆ ಓಡುವ ಮಕ್ಕಳನ್ನು ಕಾಣುತ್ತವೆ, ಅವಕ್ಕೆ ಹೆದರುವುದಿಲ್ಲ. ಅವು ಹೆದರುವುದು ಅಪರಿಚಿತರು ನಿಂತು ದಿಟ್ಟಿಸಿದಾಗ. ಆದ್ದರಿಂದ ಹಕ್ಕಿಯ ಮೈಭಾಷೆಯನ್ನೇ ಅಳತೆಗೋಲಾಗಿಸಿಕೊಳ್ಳಬೇಕು. ಗರಿ ತೀಡಿಕೊಳ್ಳುತ್ತಿದ್ದ ಹಕ್ಕಿ ಅದನ್ನು ನಿಲ್ಲಿಸಿ ಕತ್ತೆತ್ತಿದರೆ ಅದು ಮೊದಲ ಸೂಚನೆ. ಅಕ್ಕಪಕ್ಕದ ಮೂರು ನಾಲ್ಕು ಹಕ್ಕಿಗಳು ಒಟ್ಟಿಗೆ ಕತ್ತೆತ್ತಿದರೆ ಗುಂಪನ್ನು ನಿಧಾನವಾಗಿ ಹಿಂದಕ್ಕೆ ಕರೆದುಕೊಳ್ಳಬೇಕು. ಕಾವು ಕೂತ ಹಕ್ಕಿ ಎದ್ದು ನಿಂತಿತೆಂದರೆ ತಡವಾಗಿದೆ, ತಕ್ಷಣ ಆ ಮರ ಬಿಟ್ಟು ನಡೆಯಬೇಕು. ತಾಯಿ ಎದ್ದ ಗೂಡಿನ ಮೊಟ್ಟೆಗಳನ್ನು ಕಾಗೆಗಳು ಹೊತ್ತೊಯ್ಯಲು ಒಂದು ನಿಮಿಷ ಸಾಕು, ಹದ್ದುಗಳೂ ಹೊಂಚುತ್ತಿರುತ್ತವೆ.

ಹಕ್ಕಿಯ ಕೂಗನ್ನು ಫೋನಿನಲ್ಲಿ ನುಡಿಸಿ ಕರೆಯುವುದು, ಕ್ಯಾಮರಾದ ಫ್ಲ್ಯಾಶ್, ಡ್ರೋನ್, ಹಕ್ಕಿ ಹಾರಲೆಂದು ಚಪ್ಪಾಳೆ ತಟ್ಟುವುದು, ಇವು ಯಾವುದಕ್ಕೂ ಇಲ್ಲಿ ಜಾಗವಿಲ್ಲ. ಇದನ್ನು ಮೊದಲೇ ಹೇಳಿ ಒಪ್ಪಿಸಿಕೊಳ್ಳಿ, ಒಪ್ಪದವರನ್ನು ಕರೆತರಬೇಡಿ.

ಏಳನೆಯ ಹಂತ: ಅಂಗಳಗಳ ನಡುವೆ

ನಾನು ಮೊದಲ ಬಾರಿ ಮುಂದಾಳಾಗಿ ಹೋದಾಗ ಇಪ್ಪತ್ತಕ್ಕೂ ಹೆಚ್ಚು ಜನರನ್ನು ಕರೆದೊಯ್ದಿದ್ದೆ. ಒಂದು ಹುಣಸೆ ಮರದ ಕೆಳಗೆ ಎಲ್ಲರೂ ಸೇರಿ, ಒಬ್ಬರಿಗೊಬ್ಬರು ಕೂಗಿ ಹೇಳುತ್ತಿದ್ದಾಗ, ಅಂಗಳದಲ್ಲಿ ಹುರುಳಿ ಒಣಹಾಕುತ್ತಿದ್ದ ಅಜ್ಜಿಯೊಬ್ಬರು ಮೊರವನ್ನು ಕೆಳಗಿಟ್ಟು ಎದ್ದು ಬಂದರು. ‘ಬಾಣ್ತಿ ಮನೆ ಮುಂದೆ ಹಿಂಗ್ ಗಲಾಟೆ ಮಾಡಾರಾ, ಮಕ್ಳಾ?’ ಎಂದಷ್ಟೇ ಕೇಳಿದರು. ಬೈಗುಳವಿರಲಿಲ್ಲ. ನಾವು ಅವರ ಹುರುಳಿಯ ಚಾಪೆಯ ಅಂಚನ್ನು ತುಳಿದುಕೊಂಡು ನಿಂತಿದ್ದೆವೆಂಬುದನ್ನು ನಾನು ಆಗ ಗಮನಿಸಿದೆ. ಹನ್ನೆರಡು ಜನರ ಮಿತಿ, ಮೊದಲ ಐದು ನಿಮಿಷದ ಮೌನ, ಮೊದಲೇ ಬಂದು ಒಪ್ಪಿಗೆ ಕೇಳುವುದು, ಎಲ್ಲವೂ ಆ ದಿನದಿಂದ ಬಂದ ಅಭ್ಯಾಸಗಳು.

ಈ ಮನೆಗಳಿಗೆ ಹಕ್ಕಿಗಳಿಂದ ನಷ್ಟವೂ ಇದೆ. ಗೂಡುಗಳಿರುವ ಹುಣಸೆಯ ಫಸಲನ್ನು ಬಡಿದು ಇಳಿಸುವಂತಿಲ್ಲ. 1976ರಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳ ಅವರು ಇಲ್ಲಿನ ಹೆಜ್ಜಾರ್ಲೆಗಳನ್ನು ದಾಖಲಿಸಿ ಹೊರಜಗತ್ತಿನ ಗಮನಕ್ಕೆ ತಂದ ಮೇಲೆ, ಮರದ ಒಡೆಯರಿಗೆ ಅರಣ್ಯ ಇಲಾಖೆಯಿಂದ ಪರಿಹಾರ ಕೊಡುವ ಏರ್ಪಾಡಾಯಿತು. ಲಾಭವೂ ಇಲ್ಲದಿಲ್ಲ, ಮರದಡಿ ಬಿದ್ದ ಹಿಕ್ಕೆ ಹೊಲಕ್ಕೆ ಒಳ್ಳೆಯ ಗೊಬ್ಬರ. ಬಂದವರಿಗೆ ಇದನ್ನೆಲ್ಲ ಹೇಳಬೇಕು, ಸಾಧ್ಯವಾದರೆ ಮನೆಯವರ ಬಾಯಿಂದಲೇ ಕೇಳಿಸಬೇಕು. ಹಿರಿಯರನ್ನು ಅಜ್ಜಿ, ಯಜಮಾನರೇ ಎಂದು ಕರೆದು ಮಾತಾಡಿಸಲು, ಮನೆಯೊಳಗಿನ ಚಿತ್ರ ತೆಗೆಯದಿರಲು, ಮಕ್ಕಳಿಗೆ ಚಾಕೊಲೇಟ್ ಹಂಚದಿರಲು ತಿಳಿಸಿ. ತಿಂಡಿ ಊರಿನಲ್ಲೇ ಮಾಡಿಸಿದರೆ ಆ ಹಣ ಊರಿನಲ್ಲೇ ಉಳಿಯುತ್ತದೆ.

ಎಂಟನೆಯ ಹಂತ: ಒಂಬತ್ತು ಗಂಟೆಯ ಆಕಾಶ

ಬಿಸಿಲು ನೆಲವನ್ನು ಕಾಯಿಸತೊಡಗಿದಾಗ, ಬಹುತೇಕ ಒಂಬತ್ತು ಗಂಟೆಯ ನಂತರ, ಬಿಸಿಗಾಳಿ ಮೇಲೇರತೊಡಗುತ್ತದೆ. ಭಾರದ ಹಕ್ಕಿಗಳು ರೆಕ್ಕೆ ಬಡಿದು ದಣಿಯುವ ಬದಲು ಈ ಗಾಳಿಯನ್ನೇ ಏಣಿ ಮಾಡಿಕೊಳ್ಳುತ್ತವೆ. ಒಂದು ಹೆಜ್ಜಾರ್ಲೆ ಮರ ಬಿಟ್ಟು ವೃತ್ತ ಹಾಕತೊಡಗಿದರೆ ಇನ್ನೈದು ಅದನ್ನು ಸೇರುತ್ತವೆ, ರೆಕ್ಕೆ ಅಲುಗಿಸದೆಯೇ ಸುತ್ತುತ್ತ ಸುತ್ತುತ್ತ ಚುಕ್ಕೆಗಳಾಗುತ್ತವೆ, ಆಮೇಲೆ ಒಂದೇ ದಿಕ್ಕಿಗೆ ಜಾರುತ್ತ ಕೆರೆಗಳ ಕಡೆಗೆ ಹೋಗುತ್ತವೆ. ಈ ಹೊತ್ತಿಗೆ ಗುಂಪನ್ನು ಮರಗಳ ಕೆಳಗಿಂದ ಬಯಲಿಗೆ ತಂದಿರಬೇಕು. ಹೋದ ದಿಕ್ಕನ್ನು ಗುರುತಿಸಿ ಬರೆದುಕೊಳ್ಳಿ. ತೈಲೂರು ಕೆರೆ, ಮದ್ದೂರು ಕೆರೆಯಂಥ ಸುತ್ತಲ ನೀರಿನ ನೆಲೆಗಳು ಸತ್ತರೆ ಈ ಊರಿನ ಮರಗಳೂ ಬರಿದಾಗುತ್ತವೆ ಎಂಬುದನ್ನು ಹೇಳಲು ಇದಕ್ಕಿಂತ ಒಳ್ಳೆಯ ಗಳಿಗೆಯಿಲ್ಲ.

ಅಲ್ಲಿಂದ ಶಿಂಷಾ ನದಿಯ ಕಡೆಗೆ ಗದ್ದೆಯ ಬದುಗಳ ಮೇಲೆ ನಡೆಯಬಹುದು. ಗದ್ದೆ ಮಿಂಚುಳ್ಳಿ, ಕೊಳದ ಬಕ, ಟಿಟ್ಟಿಭ, ಪುಟ್ಟ ನೀರುಕಾಗೆ, ಬೆಳ್ಳಕ್ಕಿ, ಅದೃಷ್ಟವಿದ್ದರೆ ಈಟಿಯಂಥ ಕೊಕ್ಕಿನ ಹಾವಕ್ಕಿ ಕಾಣುತ್ತವೆ. ಆಳವಿಲ್ಲದ ನೀರಿನಲ್ಲಿ ಬಣ್ಣದ ಕೊಕ್ಕರೆ ಮೇಯುತ್ತಿದ್ದರೆ ಅಲ್ಲಿ ನಿಲ್ಲಿ: ಅದು ಮೀನನ್ನು ಕಣ್ಣಿನಿಂದ ಹುಡುಕುವುದಿಲ್ಲ, ಅರೆತೆರೆದ ಕೊಕ್ಕನ್ನು ನೀರಿನೊಳಗೆ ಅತ್ತಿತ್ತ ಆಡಿಸುತ್ತ ಕಾಲಿನಿಂದ ಕೆಸರು ಕದಡುತ್ತ ನಡೆಯುತ್ತದೆ, ಮೀನು ತಾಗಿದೊಡನೆ ಕೊಕ್ಕು ಮುಚ್ಚಿಕೊಳ್ಳುತ್ತದೆ.

ಒಂಬತ್ತನೆಯ ಹಂತ: ಬಿದ್ದ ಮರಿ, ಸತ್ತ ಹಕ್ಕಿ

ಗಾಳಿಗೋ, ಒಡಹುಟ್ಟಿದವುಗಳ ನೂಕಾಟಕ್ಕೋ ಮರಿಗಳು ಕೆಳಗೆ ಬೀಳುವುದುಂಟು. ಎತ್ತಿಕೊಳ್ಳಬೇಡಿ, ನೀರು ಕುಡಿಸಬೇಡಿ, ಮರ ಹತ್ತಿಸಲು ಹೋಗಬೇಡಿ. ನಾಯಿಗಳು ಬಾರದಂತೆ ಒಬ್ಬರು ದೂರ ನಿಂತು ಕಾಯಬೇಕು, ಇನ್ನೊಬ್ಬರು ಅರಣ್ಯ ಇಲಾಖೆಯ ಕಾವಲುಗಾರರನ್ನು ಅಥವಾ ಊರಿನ ಜೊತೆಗಾರರನ್ನು ಕರೆತರಬೇಕು. ಸತ್ತ ಹಕ್ಕಿ ಕಂಡರೂ ಮುಟ್ಟದೆ ತಿಳಿಸಬೇಕು. 2017ರ ಕೊನೆಯಿಂದ ಇಲ್ಲಿ ಹಲವಾರು ಹೆಜ್ಜಾರ್ಲೆಗಳು ಸತ್ತವು. ಅವುಗಳ ಹೊಟ್ಟೆಯಲ್ಲಿ ಮೀನಿನ ಮೂಲಕ ಸೇರಿದ ದುಂಡುಹುಳುಗಳು ಪತ್ತೆಯಾದವು. ಒಂದು ಸತ್ತ ಹಕ್ಕಿಯ ಸುದ್ದಿ ಬೇಗ ತಲುಪಿದರೆ ಉಳಿದವಕ್ಕೆ ಉಪಕಾರವಾದೀತು.

ಹತ್ತನೆಯ ಹಂತ: ಬರೆದಿಡುವುದು

ದಿನಾಂಕ, ನಡಿಗೆ ಶುರುವಾದ ಮತ್ತು ಮುಗಿದ ಹೊತ್ತು, ನಡೆದ ದೂರ, ಎಷ್ಟು ಜನ ನೋಡಿದರು, ಮೋಡವೋ ಬಿಸಿಲೋ, ಇವಿಷ್ಟು ಇಲ್ಲದ ಪಟ್ಟಿಗೆ ಬೆಲೆ ಕಡಿಮೆ. ಹಕ್ಕಿಗಳ ಹೆಸರುಗಳನ್ನು ಇ-ಬರ್ಡ್ ಆ್ಯಪಿನಲ್ಲಿ ಸ್ಥಳದಲ್ಲೇ ದಾಖಲಿಸಬಹುದು. ಆದರೆ ಇಲ್ಲಿ ಅದಕ್ಕಿಂತ ಬೆಲೆಯುಳ್ಳದ್ದು ಗೂಡುಗಳ ಎಣಿಕೆ. ಒಂದು ನೋಟ್ ಪುಸ್ತಕದಲ್ಲಿ ಮರಗಳಿಗೆ ಸಂಖ್ಯೆ ಕೊಟ್ಟು, ಅದು ಯಾವ ಜಾತಿಯ ಮರ, ಯಾರ ಅಂಗಳದ್ದು ಎಂದು ಬರೆದು, ಹಕ್ಕಿ ಅಥವಾ ಮರಿ ಕಂಡ ಗೂಡುಗಳನ್ನಷ್ಟೇ ಎಣಿಸಬೇಕು. ಹೆಜ್ಜಾರ್ಲೆಯದು ಒಂದು ಸಾಲು, ಕೊಕ್ಕರೆಯದು ಇನ್ನೊಂದು. ಇಬ್ಬರು ಬೇರೆಬೇರೆಯಾಗಿ ಎಣಿಸಿ, ವ್ಯತ್ಯಾಸ ಹೆಚ್ಚಿದ್ದರೆ ಮತ್ತೊಮ್ಮೆ ಎಣಿಸಬೇಕು. ಎಲೆ ದಟ್ಟವಾಗಿರುವ ಆಲದಲ್ಲಿ ಕಾಣದೆ ಉಳಿಯುವ ಗೂಡುಗಳಿರುತ್ತವೆ, ಅಲ್ಲಿ ಅಂದಾಜು ಹಾಕದೆ ಕಂಡಷ್ಟನ್ನೇ ಬರೆದು ಹಾಗೆಂದು ನಮೂದಿಸಿ.

ಅದೇ ಮರಗಳನ್ನು ಮುಂದಿನ ತಿಂಗಳು, ಮುಂದಿನ ವರ್ಷ, ಅದೇ ಜಾಗದಿಂದ ನಿಂತು ಎಣಿಸಿದರೆ ಮಾತ್ರ ಆ ಅಂಕಿಗಳು ಮಾತನಾಡತೊಡಗುತ್ತವೆ. ಯಾವ ಮರ ಉರುಳಿತು, ಅದರ ಗೂಡುಗಳು ಯಾವ ಮರಕ್ಕೆ ಹೋದವು ಎಂಬುದು ತಿಳಿಯುತ್ತದೆ. ಎಣಿಕೆಯ ಒಂದು ಪ್ರತಿಯನ್ನು ಅಚ್ಚುಕಟ್ಟಾಗಿ ಕನ್ನಡದಲ್ಲಿ ಬರೆದು, ಅರಣ್ಯ ಸಿಬ್ಬಂದಿಗೂ, ನಿಮ್ಮೊಂದಿಗೆ ನಡೆದ ಊರಿನ ಜೊತೆಗಾರರಿಗೂ, ಅಂಗಳ ಬಿಟ್ಟುಕೊಟ್ಟ ಮನೆಗಳಿಗೂ ತಲುಪಿಸಿ. ನಾನು ಮರುವರ್ಷ ಹೋದಾಗ ಆ ಅಜ್ಜಿಯ ಮನೆಯವರಿಗೆ ಅವರ ಹುಣಸೆ ಮರದ ಲೆಕ್ಕವನ್ನು ಬರೆದ ಹಾಳೆ ಕೊಟ್ಟೆ. ಮೊಮ್ಮಗಳು ಅದನ್ನು ಗಟ್ಟಿಯಾಗಿ ಓದಿದಳು. ಅಜ್ಜಿ ಪೂರ್ತಿ ಕೇಳಿಸಿಕೊಂಡು, ಅಡುಗೆಮನೆಯ ಹಿಂದಿನ ಕೊಂಬೆಯ ಎರಡು ಗೂಡುಗಳನ್ನು ನೀವು ಬಿಟ್ಟಿದ್ದೀರೆಂದು ಹೇಳಿ, ಹಿತ್ತಿಲಿಗೆ ಕರೆದೊಯ್ದು ತೋರಿಸಿದರು. ಆ ಎರಡನ್ನೂ ಸೇರಿಸಿ ಬರೆದುಕೊಂಡೆವು.